ಹಂಡೆಯ ಮಸಿ, ಪದವಿನ ಹೊಗೆ

2025 ಮಾರ್ಚ್ 4, ಮಂಗಳವಾರ
ಪೆರ್ಲದ ಹತ್ತಿರ, ಕಾಸರಗೋಡು

ಮಧ್ಯಾಹ್ನ ಊಟಕ್ಕೆ ಕೂತಿದ್ದೆವಷ್ಟೆ, ಪದವಿನ, ಅಂದರೆ ಗುಡ್ಡದ ಮೇಲಿನ ಹುಲ್ಲುಬಯಲಿನ, ಕಡೆಯಿಂದ ಚಟಚಟ ಸದ್ದು. ಮುಳಿಹುಲ್ಲಿಗೆ ಬೆಂಕಿ ಬಿದ್ದಿತ್ತು. ಬೇಸಗೆ ಬಂದರೆ ಇದೇ ಕತೆ, ಯಾರೋ ಬೀಡಿ ಎಸೆದರೋ, ಬೇಕೆಂದೇ ಹಾಕಿದರೋ ಗೊತ್ತಾಗುವುದಿಲ್ಲ. ಅರ್ಧ ಊಟದಲ್ಲೇ ಎದ್ದು ಓಡಿದೆ. ಐದಾರು ಮಂದಿ ಸೇರಿ ಹಸಿ ಸೊಪ್ಪಿನ ಗೆಲ್ಲುಗಳಲ್ಲಿ ಬಡಿದು ಬಡಿದು, ಗೇರುಗುಡ್ಡೆಗೆ ಹತ್ತುವ ಮೊದಲೇ ಹೇಗೋ ನಂದಿಸಿದೆವು. ಬಲಗೈ ರೋಮ ಸುಟ್ಟಿದೆ, ಅಷ್ಟೆ.

ವಾಪಸ್ ಬಂದಾಗ ಅಮ್ಮ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದಳು. ಸೂರ್ಯ ಕಿತ್ತಳೆ ಬಣ್ಣಕ್ಕೆ ತಿರುಗಿದ್ದ. ನೆರಳಿಗೆ ಅಂಚೇ ಇರಲಿಲ್ಲ. "ಮೂರು ಗಂಟೆಗೇ ಮುಸ್ಸಂಜೆ ಆಯ್ತಲ್ಲ, ಆ ಬಿಸಿಲೆಲ್ಲ ಎಲ್ಲಿಗೆ ಹೋಯ್ತು ಮಾರಾಯ?" ಅಂದಳು. "ಸ್ವಲ್ಪ ಆಚೀಚೆ ಚೆದುರಿತು, ಸ್ವಲ್ಪವನ್ನು ಹೊಗೆ ಕುಡಿಯಿತು" ಅಂದೆ. ಕುಡಿಯುವುದು ಅಂದರೆ ಹೇಗೆ ಅಂತ ಕೇಳಿದ್ದಕ್ಕೆ ಆಗ ಸರಿಯಾದ ಉತ್ತರ ಹೊಳೆಯಲಿಲ್ಲ.

ಹೊಳೆದದ್ದು ಸಂಜೆ ಬಚ್ಚಲಲ್ಲಿ. ಹಂಡೆಯ ಅಡಿಗೆ ಮೈ ಒರೆಸುವ ಬೈರಾಸಿನ ತುದಿ ಒರೆಸಿದೆ, ಕಡುಕಪ್ಪು ಮಸಿ. ಇನ್ನೊಂದು ತುದಿ ಒದ್ದೆ ಮಾಡಿ, ಬಚ್ಚಲ ಮಾಡಿನ ಜಂತಿಗೆ ಒರೆಸಿದೆ, ಅಂಟಂಟು ಕಂದು ಇಲ್ಲಣ. ಒಂದೇ ಒಲೆ, ಎರಡು ಬಣ್ಣ. ಒಣ ಮಡಲು ಧಗಧಗ ಉರಿಯುವಾಗ ಕಪ್ಪು ಮಸಿ ಜಾಸ್ತಿ. ಒದ್ದೆ ಸಿಪ್ಪೆ ಉರಿಯದೆ ಸುಮ್ನೆ ಹೊಗೆಯಾಡುವಾಗ ಕಂದು ಅಂಟು ಜಾಸ್ತಿ. ಕಾಡ್ಗಿಚ್ಚಿನಲ್ಲೂ ಎರಡೂ ಇರುತ್ತವೆ. ವಿಜ್ಞಾನಿಗಳು ಇವುಗಳಿಗೆ ಬ್ಲ್ಯಾಕ್ ಕಾರ್ಬನ್, ಬ್ರೌನ್ ಕಾರ್ಬನ್ ಅಂತಲೇ ಹೆಸರಿಟ್ಟಿದ್ದಾರೆ. ಬಚ್ಚಲು ನೋಡಿ ಇಟ್ಟ ಹಾಗಿದೆ!

ಕಪ್ಪು ಕಣಕ್ಕೆ ಬಣ್ಣದ ಭೇದವಿಲ್ಲ, ಕೆಂಪಿನಿಂದ ನೇರಳೆವರೆಗೆ ಬಂದ ಬೆಳಕನ್ನೆಲ್ಲ ನುಂಗುತ್ತದೆ. ಕಂದು ಕಣಕ್ಕೆ ಮಾತ್ರ ನೀಲಿ, ನೇರಳೆ ಮತ್ತು ಅದರಾಚೆಯ ಅತಿನೇರಳೆ ಕಿರಣಗಳ ಮೇಲೇ ಆಸೆ. ಕೆಂಪನ್ನು ಹೆಚ್ಚುಕಮ್ಮಿ ಹಾಗೇ ಬಿಟ್ಟುಬಿಡುತ್ತದೆ. ಸಣ್ಣ ಕಣಗಳು ನೀಲಿಯನ್ನೇ ಜಾಸ್ತಿ ಚೆದುರಿಸುವುದೂ ಇದಕ್ಕೆ ಸೇರಿತು ಅನ್ನಿ, ಕೊನೆಗೆ ನಮ್ಮ ಕಣ್ಣಿಗೆ ಬರುವುದು ಕಿತ್ತಳೆ ಸೂರ್ಯ. ಕಂದು ಬಣ್ಣ ಜಾಸ್ತಿ ದಿನ ಉಳಿಯುವುದಿಲ್ಲವಂತೆ, ನಮ್ಮ ಬಣ್ಣದ ಪಂಚೆ ಹಾಗೆ ಬಿಸಿಲಿಗೆ ಬಿದ್ದೇ ಮಾಸುತ್ತದೆ, ಹೆಚ್ಚಿನಂಶ ಒಂದೆರಡು ದಿನದಲ್ಲೇ.

ನನಗೆ ಮಜಾ ಅನ್ನಿಸಿದ್ದು ಇನ್ನೊಂದು. ಮಸಿಯ ಕಣಕ್ಕೆ ಹೊಗೆಯ ಬೇರೆ ವಸ್ತುಗಳು ಹೊದಿಕೆಯಾಗಿ ಅಂಟಿಕೊಂಡರೆ ಅದು ಮೊದಲಿಗಿಂತ ಹೆಚ್ಚು ಬೆಳಕು ನುಂಗುತ್ತದೆ. ಹೊದಿಕೆ ಅಂದರೆ ಅಡ್ಡ ಬರಬೇಕಿತ್ತು ಅಲ್ವಾ? ಆದರೆ ಅದು ಭೂತಗನ್ನಡಿಯ ಹಾಗೆ ಬೆಳಕನ್ನು ಬಾಗಿಸಿ ಒಳಗಿನ ಮಸಿಯ ಕಡೆಗೇ ಕಳಿಸುತ್ತದೆ.

ಊಟದ ಹೊತ್ತಿಗೆ ಅಮ್ಮನಿಗೆ ಇದಿಷ್ಟೂ ಹೇಳಿದೆ. ನುಂಗಿದ ಬೆಳಕು ಶಾಖವಾಗುತ್ತದೆ, ಕಣ ಬಿಸಿಯಾಗಿ ಸುತ್ತಲಿನ ಗಾಳಿಯನ್ನೂ ಬಿಸಿ ಮಾಡುತ್ತದೆ, ಅದಕ್ಕೇ ಹೊಗೆಯ ಕೆಳಗೆ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಾಗುವುದು ಅಂತ. ಆಸ್ಟ್ರೇಲಿಯಾದ ಕತೆಯನ್ನೂ ಹೇಳಿದೆ. 2019ರ ಕೊನೆ, 2020ರ ಶುರುವಿನಲ್ಲಿ ಅಲ್ಲಿ ಕಾಡು ಹತ್ತಿ ಉರಿದಾಗ ಹೊಗೆಯ ಒಂದು ದೊಡ್ಡ ಮುದ್ದೆ, ಸುಮಾರು 1,000 ಕಿಲೋಮೀಟರ್ ಅಗಲದ್ದು, ವಿಮಾನಗಳು ಹಾರುವ ಎತ್ತರವನ್ನೂ ದಾಟಿ ಹೋಯಿತು. ಆಮೇಲೆ ಬಿಸಿಲು ಕುಡಿದು ತಾನೇ ಬಿಸಿಯಾಗಿ, ಸುರುಳಿ ಸುತ್ತುತ್ತಾ, ಎರಡು ಮೂರು ತಿಂಗಳಲ್ಲಿ ಸುಮಾರು 35 ಕಿಲೋಮೀಟರ್ ಎತ್ತರಕ್ಕೇರಿತು. ಕೆಳಗೆ ಬೆಂಕಿ ಆರಿದ ಮೇಲೂ ಏರುತ್ತಲೇ ಇತ್ತು. ನಮ್ಮ ಪದವಿನ ಹೊಗೆಗೆ ಅಷ್ಟೆಲ್ಲ ತಾಕತ್ತಿಲ್ಲ, ಗಾಳಿ ಬೀಸಿದರೆ ಕರ್ನಾಟಕ ಗಡಿ ದಾಟೀತು, ಮಳೆ ಬಂದರೆ ತೊಳೆದೇ ಹೋದೀತು.

ಅಮ್ಮ ಮಜ್ಜಿಗೆ ಬಡಿಸುತ್ತಾ ಎಲ್ಲವನ್ನೂ ಕೇಳಿದಳು. ಕೊನೆಗೆ, "ಬೈರಾಸು ಯಾರದ್ದು?" ಅಂದಳು.

ಅಪ್ಪನದ್ದಾಗಿತ್ತು.