ಗ್ರೆಮ್ಲಿನ್ಸ್‌ನಲ್ಲಿ ನಿಜವಾದ ಹೀರೋ ಬಿಲ್ಲಿಯ ಅಮ್ಮ

'ಗ್ರೆಮ್ಲಿನ್ಸ್' ಮತ್ತೆ ನೋಡಿದೆ. 1984ರ ಸಿನಿಮಾ, ಜೋ ಡಾಂಟೆ ನಿರ್ದೇಶನ. ಇದರ ಹೆಸರೆತ್ತಿದರೆ ಎಲ್ಲರಿಗೂ ನೆನಪಾಗುವುದು ಬಿಲ್ಲಿ ಅನ್ನುವ ಯುವಕನಿಗೆ ಅಪ್ಪ ತಂದುಕೊಟ್ಟ ದೊಡ್ಡ ಕಿವಿಯ ಮುದ್ದು ಪ್ರಾಣಿ ಗಿಜ್ಮೋ, ಮತ್ತೆ ಅದನ್ನು ಸಾಕಲು ಇರುವ ಮೂರು ನಿಯಮ: ಜೋರು ಬೆಳಕು ಬೇಡ, ನೀರು ತಾಗಬಾರದು, ಮಧ್ಯರಾತ್ರಿ ಆದ ಮೇಲೆ ತಿನ್ನಲು ಕೊಡಬಾರದು. ಯೋಚಿಸಿದರೆ ಯಾವಾಗಲೂ ಮಧ್ಯರಾತ್ರಿ ಆದ ಮೇಲೆಯೇ ಅಲ್ವಾ, ಮತ್ತೆ ಊಟ ಹಾಕುವುದು ಯಾವಾಗ? 1990ರ ಎರಡನೇ ಭಾಗದಲ್ಲಿ ಅವರೇ ಇದನ್ನು ಗೇಲಿ ಮಾಡಿದ್ದಾರೆ.

ಈ ಸಲ ಗಿಜ್ಮೋಗಿಂತ ಜಾಸ್ತಿ ಇಷ್ಟವಾಗಿದ್ದು ಬಿಲ್ಲಿಯ ಅಮ್ಮ. ಮನೆಯಲ್ಲಿ ಒಬ್ಬಳೇ ಇದ್ದಾಳೆ, ಕ್ರಿಸ್ಮಸ್ ಹಾಡು ಕೇಳಿಸುತ್ತಿದೆ, ಅಡುಗೆಮನೆಯಲ್ಲಿ ಆ ನಿಯಮ ಮುರಿದಿದ್ದರಿಂದ ಹುಟ್ಟಿದ ಗ್ರೆಮ್ಲಿನ್ ಅನ್ನುವ ಹಸಿರು ಪೀಡೆಗಳು ಅವಳು ಮಾಡಿಟ್ಟ ಬಿಸ್ಕತ್ತಿಗೆ ಬಾಯಿ ಹಾಕಿವೆ. ಹೆದರಿದ್ದಾಳೆ, ಆದರೆ ಓಡಿಹೋಗುವುದಿಲ್ಲ. ಒಂದನ್ನು ಮಿಕ್ಸರ್‌ನಲ್ಲೇ ಅರೆಯುತ್ತಾಳೆ, ಒಂದಕ್ಕೆ ಚಾಕು ಹಾಕುತ್ತಾಳೆ, ಇನ್ನೊಂದನ್ನು ಮೈಕ್ರೋವೇವ್‌ಗೆ ದಬ್ಬಿ ಬಾಗಿಲು ಮುಚ್ಚುತ್ತಾಳೆ, ಅದು ಒಳಗೇ ಸಿಡಿಯುತ್ತದೆ. ಅಯ್ಯೋ ಅಂತ ಮುಖ ಮುಚ್ಚಿಕೊಳ್ಳುವಷ್ಟರಲ್ಲಿ ನಗುವೂ ಬಂದಿರುತ್ತದೆ. ಕ್ರಿಸ್ ಕೊಲಂಬಸ್ ಮೊದಲು ಬರೆದ ಕಥೆಯಲ್ಲಿ ಈ ಅಮ್ಮ ಸಾಯುತ್ತಾಳಂತೆ, ಅವಳ ತಲೆ ಮೆಟ್ಟಿಲ ಮೇಲೆ ಉರುಳಿಕೊಂಡು ಬರುತ್ತದಂತೆ. ಸದ್ಯ, ಬದಲಾಯಿಸಿದರು! ಗಿಜ್ಮೋ ಕೂಡ ಕೆಟ್ಟದಾಗಬೇಕಿತ್ತು. ಅದು ಕೊನೆವರೆಗೂ ಒಳ್ಳೆಯದಾಗಿಯೇ ಇರಲಿ ಅಂದವರು ನಿರ್ಮಾಪಕರಲ್ಲಿ ಒಬ್ಬರಾದ ಸ್ಪೀಲ್‌ಬರ್ಗ್.

ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲ, ಎಲ್ಲಾ ಕ್ರಿಸ್ ವಾಲಾಸ್ ತಂಡ ಮಾಡಿದ ಗೊಂಬೆಗಳು. ಒಂದೊಂದು ಕಡೆ ಗೊಂಬೆ ಅಂತ ಚೆನ್ನಾಗಿಯೇ ಗೊತ್ತಾಗುತ್ತದೆ, ಆದರೂ ಅವುಗಳಿಗೆ ಒಂದು ಭಾರ ಇದೆ. ಎದುರಿಗೆ ನಿಜವಾಗಿ ಏನೋ ಇರುವುದರಿಂದ ನಟರ ಹೆದರಿಕೆಯನ್ನು ನಂಬಬಹುದು.

ಬಾರ್‌ನಲ್ಲಿ ಗ್ರೆಮ್ಲಿನ್‌ಗಳು ಕುಡಿದು ಕುಣಿಯುವ ದೃಶ್ಯ ಸ್ವಲ್ಪ ಎಳೆದಂತಾಯಿತು. ಗಿಜ್ಮೋ ಸಿಕ್ಕ ಚೈನಾಟೌನ್ ಅಂಗಡಿಯ ಗೂಢ ಮುದುಕನ ಪಾತ್ರ ಈಗ ನೋಡಿದರೆ ಸವಕಲು ಅಚ್ಚು, ಕೀ ಲೂಕ್ ಗಾಂಭೀರ್ಯದಿಂದ ಅದನ್ನು ಹೇಗೋ ಕಾಪಾಡಿದ್ದಾರೆ.

ಆಗ ಅಮೆರಿಕದಲ್ಲಿ ಇದಕ್ಕೆ ಸಿಕ್ಕಿದ್ದು ಪಿಜಿ ಸರ್ಟಿಫಿಕೇಟ್, ಅಂದರೆ ಅಪ್ಪ ಅಮ್ಮನ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು ಅಂತ. ಮುದ್ದು ಪ್ರಾಣಿಯ ಸಿನಿಮಾ ಅಂತ ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರು ಸಿಟ್ಟಾದರು. ಅದೇ ಬೇಸಿಗೆಯ ಇಂಡಿಯಾನಾ ಜೋನ್ಸ್ ಸಿನಿಮಾದ ಮೇಲೂ ಇಂಥದೇ ದೂರು. ಆ ಗಲಾಟೆಯಿಂದಲೇ ಜುಲೈ 1984ರಲ್ಲಿ ಪಿಜಿ-13 ಅನ್ನುವ ಹೊಸ ವರ್ಗ ಬಂತು, 13 ವರ್ಷದೊಳಗಿನವರಿಗೆ ಕೆಲವು ದೃಶ್ಯ ಸರಿಹೋಗದಿರಬಹುದು ಅನ್ನುವ ಎಚ್ಚರಿಕೆ.

ಅವರು ಸಿಟ್ಟಾಗಿದ್ದು ಸರಿಯೇ ಬಿಡಿ. ಆದರೆ ಈ ಸಿನಿಮಾದ ಗಮ್ಮತ್ತೇ ಅದು, ನಗಬೇಕೋ ಹೆದರಬೇಕೋ ಅಂತ ಎಲ್ಲೂ ಸುಳಿವು ಕೊಡುವುದಿಲ್ಲ. ಬಿಲ್ಲಿಯ ಗೆಳತಿ ಕೇಟ್ ತನಗೆ ಕ್ರಿಸ್ಮಸ್ ಯಾಕೆ ಆಗುವುದಿಲ್ಲ ಅಂತ ಹೇಳುವ ಮಾತನ್ನೇ ನೋಡಿ. ಸಾಂತಾ ವೇಷ ಹಾಕಿ ಚಿಮಣಿಯಲ್ಲಿ ಇಳಿಯಲು ಹೋದ ಅಪ್ಪ ಅಲ್ಲೇ ಸಿಕ್ಕಿಹಾಕಿಕೊಂಡು ಸತ್ತ ಕಥೆ. ಫೀಬಿ ಕೇಟ್ಸ್ ಇದನ್ನು ಒಂಚೂರೂ ನಗದೆ ಹೇಳುತ್ತಾರೆ. ಸ್ಟುಡಿಯೋದವರು ಕತ್ತರಿಸಿ ಅಂದರೂ ಡಾಂಟೆ ಬಿಡಲಿಲ್ಲ, ಒಳ್ಳೆಯದೇ ಮಾಡಿದರು. ಸಾಂತಾ ಇದ್ದಾನೆ ಅಂತ ಇನ್ನೂ ನಂಬುವ ಮಕ್ಕಳ ಜೊತೆ ನೋಡುವುದಾದರೆ ಮಾತ್ರ ಅಲ್ಲಿ ರಿಮೋಟ್ ಕೈಯಲ್ಲಿಟ್ಟುಕೊಂಡಿರಿ.