ಹೌದು, ಬಳೆ ಹಾಕುತ್ತೇನೆ

ಪ್ರಶ್ನೆ ಇದು: "ನಿಮ್ಮನ್ನ ನೋಡಿದ್ರೆ ಕ್ರಿಶ್ಚಿಯನ್ ಅಂತ ಗೊತ್ತೇ ಆಗಲ್ವಲ್ಲಾ?"

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟುಬಿಡುತ್ತೇನೆ.

ಮೊದಲಿಗೆ, ಇದು ಪ್ರಶ್ನೆಯೇ ಅಲ್ಲ. ಕೊನೆಯಲ್ಲಿ ದನಿ ಮೇಲೆ ಹೋಗುತ್ತದೆ ಅಷ್ಟೇ. ಹೋದ ವರ್ಷ ಹಗಲು ರೈಲಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದೆ. ಎದುರು ಸೀಟಿನಲ್ಲಿ ಒಬ್ಬ ಕಾಕೂ. ತುಮಕೂರು ದಾಟುವಷ್ಟರಲ್ಲಿ ಗೆಳೆತನ ಆಯಿತು, ಅರಸೀಕೆರೆಗೆ ಬರುವಷ್ಟರಲ್ಲಿ ಅವರ ಸೊಸೆಯ ತಪ್ಪುಗಳೆಲ್ಲ ನನಗೆ ಬಾಯಿಪಾಠ ಆಗಿದ್ದವು. ಅವರು ಶೇಂಗಾ ಹೋಳಿಗೆ ಕೊಟ್ಟರು. ನಾನು ಖಡಕ್ ರೊಟ್ಟಿ, ಚಟ್ನಿಪುಡಿ ಕೊಟ್ಟೆ. ದಾವಣಗೆರೆ ಹತ್ತಿರ ಹೆಸರು ಕೇಳಿದರು. ಹೇಳಿದೆ. ಬೈಬಲ್ಲಿನ ಹಳೆ ಒಡಂಬಡಿಕೆಯಿಂದ ಸೀದಾ ಇಳಿದು ಬಂದ ಹೆಸರು ನನ್ನದು, ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. "ಅಯ್ಯ, ಗೊತ್ತs ಆಗಲಿಲ್ಲಲ್ಲ!" ಅಂದರು. ನನ್ನ ಬಳೆ ನೋಡಿದರು, ಹಣೆ ನೋಡಿದರು, ಆಮೇಲೆ ಕೈಯಲ್ಲಿ ಉಳಿದಿದ್ದ ರೊಟ್ಟಿಯ ತುಂಡನ್ನೂ ನೋಡಿದರು. ಜೋಳದ ರೊಟ್ಟಿ ರೀ ಅದು, ಅದಕ್ಕೆ ದೀಕ್ಷಾಸ್ನಾನ ಆಗಿಲ್ಲ. ಪಾಪ, ತಿಂದರು. ಆದರೆ ಹಾವೇರಿವರೆಗೆ ಸೊಸೆಯ ಸುದ್ದಿ ಮತ್ತೆ ಬರಲಿಲ್ಲ.

ನಮ್ಮದು ಬಾಸೆಲ್ ಮಿಷನ್ ಮನೆತನ, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟೆಂಟ್ ಮಿಷನ್. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಗೂ ಬಂದರು. ನಮ್ಮ ಮನೆಯಲ್ಲಿ ಪ್ರಾರ್ಥನೆ ಕನ್ನಡದಲ್ಲಿ, ಬೈಗುಳ ಕನ್ನಡದಲ್ಲಿ. ಆದರೂ "ಮನೇಲಿ ಇಂಗ್ಲಿಷ್ ಮಾತಾಡ್ತೀರಾ?" ಅಂತ ಕೇಳುವವರಿದ್ದಾರೆ. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟೆಲ್, ಇಬ್ಬರೂ ಆ ಮಿಷನ್ನಿನವರೇ. ಆ ನಿಘಂಟಿನಲ್ಲಿ ಸುಮಾರು 70,000 ಶಬ್ದ ಇವೆಯಂತೆ. ಅದನ್ನು ಓದಿ ಅಂತ ನಾನು ಹೇಳುವುದಿಲ್ಲ, ಸುಮ್ನೆ ಒಮ್ಮೆ ಎತ್ತಿ ನೋಡಿ ಸಾಕು.

ಈ ಪ್ರಶ್ನೆ ಕೇಳುವವರಲ್ಲಿ ಎರಡು ಪಂಗಡ. ಆಫೀಸಿನವರು ಮೆಚ್ಚುಗೆ ಅಂದುಕೊಂಡು ಕೇಳುತ್ತಾರೆ: ನೀನು ನಮ್ಮ ಥರಾನೇ ಇದ್ದೀಯ! ಅದು ಚುಚ್ಚುತ್ತದೆ, ಆದರೆ ನಕ್ಕು ಸುಮ್ಮನಾಗಬಹುದು. ಇನ್ನೊಂದು ಪಂಗಡ ನಮ್ಮವರೇ. ನನ್ನ ದೊಡ್ಡಪ್ಪನ ಮಗಳು ಹೊಸ ಚರ್ಚ್ ಸಭೆಯೊಂದಕ್ಕೆ ಸೇರಿದಾಗಿನಿಂದ ಬಳೆ, ಓಲೆ, ಹೂವು ಎಲ್ಲ ಬಿಟ್ಟಿದ್ದಾಳೆ. ಬಿಡಲಿ, ಅವಳ ಇಷ್ಟ. ಆದರೆ ನನ್ನ ಕೈ ಕಂಡರೆ ಸಾಕು, "ನಿನ್ನ ಸಾಕ್ಷಿ ಎಲ್ಲಿದೆ?" ಅನ್ನುತ್ತಾಳೆ. ಸಾಕ್ಷಿ ಅಂದರೆ ನಮ್ಮವರ ಮಾತಿನಲ್ಲಿ, ನಮ್ಮ ಬದುಕು ನೋಡಿ ಬೇರೆಯವರಿಗೆ ದೇವರು ಗೊತ್ತಾಗಬೇಕು ಅನ್ನೋದು. ಅದಕ್ಕೆ ಆಧಾರವಾಗಿ ಬೈಬಲ್ಲಿನ ವಿಮೋಚನಕಾಂಡದ 33ನೇ ಅಧ್ಯಾಯ ತೆಗೆಯುತ್ತಾಳೆ. ಅದರಲ್ಲಿ ಇಸ್ರಾಯೇಲ್ಯರು ಒಡವೆ ತೆಗೆದಿಡುತ್ತಾರೆ, ನಿಜ. ಅಕ್ಕಾ, ಹತ್ತು ವಚನ ಕೆಳಗೂ ಓದು.

ಜನ ಚಿನ್ನದ ಕರು ಮಾಡಿ ಪೂಜಿಸಿದ ಮೇಲಿನ ಕಥೆ ಅದು. ದೇವರಿಗೆ ಸಿಟ್ಟು ಬಂದಿದೆ. ಹಾಲೂ ಜೇನೂ ಹರಿಯುವ ದೇಶ ಕೊಡುತ್ತೇನೆ, ಮುಂದೆ ದೂತನನ್ನೂ ಕಳಿಸುತ್ತೇನೆ, ಆದರೆ ನಾನು ಮಾತ್ರ ನಿಮ್ಮ ಜೊತೆ ಬರುವುದಿಲ್ಲ ಅನ್ನುತ್ತಾನೆ. ನಾನಾಗಿದ್ದರೆ ಆಗಲಿ ಸ್ವಾಮಿ ಅಂತ ಹೊರಡುತ್ತಿದ್ದೆ. ಆ ಜನರ ಮುಂದಾಳು ಮೋಶೆ ಹೊರಡುವುದಿಲ್ಲ. ನೀನು ಬರದಿದ್ದರೆ ನಮ್ಮನ್ನು ಇಲ್ಲಿಂದ ಕಳಿಸಲೇಬೇಡ ಅಂತ ಹಟ ಹಿಡಿಯುತ್ತಾನೆ. ನೀನು ಜೊತೆಗೆ ಬರುವುದರಿಂದಲೇ ಅಲ್ಲವೇ ನಾವು ಬೇರೆ ಜನರಿಗಿಂತ ಬೇರೆ ಅಂತ ಗೊತ್ತಾಗುವುದು ಅನ್ನುತ್ತಾನೆ. ಒಡವೆ ತೆಗೆದು ಇಟ್ಟಾಗಿದೆ, ಕೈ ಕತ್ತು ಎಲ್ಲ ಬೋಳು. ಆದರೂ ಗುರುತು ಅಂತ ಅವನು ತೋರಿಸುವುದು ಅದನ್ನಲ್ಲ. ದೇವರು ಜೊತೆಗಿರುವುದಕ್ಕೆ, ಅಂದರೆ ಸನ್ನಿಧಿಗೆ, ಅಲ್ಲಿ ಮೂಲ ಹೀಬ್ರೂವಿನಲ್ಲಿ ಇರುವ ಶಬ್ದದ ಅರ್ಥ ಮುಖ. ನಮ್ಮ 'ಸಮ್ಮುಖ'ದಲ್ಲೂ ಅದೇ ಮುಖ ಇದೆ ನೋಡಿ. ಮುಂದಿನ ಅಧ್ಯಾಯದಲ್ಲಿ ಮೋಶೆ ಬೆಟ್ಟ ಇಳಿದು ಬರುವಾಗ ಅವನ ಮುಖ ಹೊಳೆಯುತ್ತಿರುತ್ತದೆ. ಜನ ಹತ್ತಿರ ಬರಲು ಹೆದರುತ್ತಾರೆ. ಅವನಿಗೇ ಅದು ಗೊತ್ತಿಲ್ಲ.

ಹಾಗಾಗಿ ನನ್ನನ್ನು ಕೇಳುವುದಾದರೆ ಇದನ್ನು ಕೇಳಿ: ದೇವರು ಜೊತೆಗೆ ಬರುವುದಿಲ್ಲ ಅಂದರೆ ನೀನು ಹೊರಡದೆ ನಿಲ್ಲುತ್ತೀಯಾ? ಇದನ್ನು ಈವರೆಗೆ ಯಾರೂ ಕೇಳಿಲ್ಲ, ಪುಣ್ಯ. ಯಾಕೆಂದರೆ ನಾನು ದಿನಾ ಬೆಳಿಗ್ಗೆ ಎಂಟಕ್ಕೆ ಅವನು ಬಂದನೋ ಇಲ್ಲವೋ ತಿರುಗಿಯೂ ನೋಡದೆ ಬಸ್ ಹತ್ತುವವಳು.

ಹಾಗೆ ನಿಂತವಳು ನಮ್ಮವ್ವ. ಅಪ್ಪನನ್ನು ಹುಬ್ಬಳ್ಳಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಐಸಿಯು ಒಳಗೆ ಒಬ್ಬೊಬ್ಬರನ್ನೇ ಹತ್ತು ನಿಮಿಷ ಬಿಡುತ್ತಿದ್ದರು. ಅವ್ವನ ಸರದಿ ಬಂತು, ಅವ್ವ ಏಳಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಸೆರಗು ಹೊದ್ದು ಕೂತು ಏನೋ ಗೊಣಗುತ್ತಿದ್ದಳು. ಹತ್ತಿರ ಹೋದೆ. "ನೀ ಬರಂಗಿಲ್ಲಂದ್ರ ನಾನೂ ಒಳಗ ಹೋಗಂಗಿಲ್ಲ ನೋಡು" ಅನ್ನುತ್ತಿದ್ದಳು. ನನಗೆ ಹೇಳುತ್ತಿದ್ದಾಳೆ ಅಂದುಕೊಂಡು "ಇಬ್ಬರನ್ನ ಬಿಡಂಗಿಲ್ಲವ್ವ" ಅಂದೆ. ನನ್ನ ಕಡೆ ನೋಡಲೂ ಇಲ್ಲ. ಹತ್ತರಲ್ಲಿ ನಾಲ್ಕು ನಿಮಿಷ ಹಾಗೇ ಹೋಯಿತು, ನನಗೆ ಸಿಟ್ಟು ನೆತ್ತಿಗೇರಿತ್ತು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಅದೇ ಬೆಂಚಿನ ತುದಿಯಲ್ಲಿ ಬುರ್ಖಾ ಹಾಕಿದ ಒಬ್ಬ ಹೆಂಗಸು ಎರಡು ದಿನದಿಂದ ಕೂತಿದ್ದಳು. ಅವಳ ಗಂಡನೂ ಒಳಗಿದ್ದ. ಅವ್ವ ಹೊರಗೆ ಬರುತ್ತಲೇ ಅವಳು ಎದ್ದು ಬಂದು ಕೈ ಹಿಡಿದಳು. "ಅಕ್ಕಾ, ನಮ್ಮವರ ಸಲುವಾಗಿನೂ ಒಂದ ಮಾತ ಕೇಳ್ರಿ." ಅವ್ವನ ಕೈತುಂಬ ಹಸಿರು ಬಳೆ. ತಾಳಿಯಲ್ಲೊಂದು ಪುಟ್ಟ ಶಿಲುಬೆ ಇದೆ, ಅದು ಸೆರಗಿನ ಒಳಗೆ. ನೀವು ಯಾರು, ಯಾವ ಜಾತಿ, ಆ ಹೆಂಗಸು ಏನೂ ಕೇಳಲಿಲ್ಲ.

ಅವಳ ಗಂಡ ಮನೆಗೆ ಹೋದ. ನಮ್ಮಪ್ಪ ಹೋಗಲಿಲ್ಲ. ಇದನ್ನು ಪವಾಡದ ಕಥೆ ಅಂತ ಯಾರೂ ಫಾರ್ವರ್ಡ್ ಮಾಡಬೇಡಿ.

ಎಷ್ಟೋ ತಿಂಗಳಾದ ಮೇಲೆ ಅವ್ವನಿಗೆ ನೆನಪಿಸಿದೆ. ಆ ದಿನ ಏನು ಪ್ರಾರ್ಥನೆ ಮಾಡಿದೆಯವ್ವಾ, ಆ ಹೆಂಗಸಿಗೆ ಹೇಗೆ ಗೊತ್ತಾಯಿತು, ಅಂತ ಕೇಳಿದೆ. ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು.

"ಎಲ್ಲೀ ಪ್ರಾರ್ಥನೆ? ಜಗಳಾ ತಗದಿದ್ದೆ ಅವನ ಜೋಡಿ" ಅಂದಳು. "ಅಷ್ಟ ಜೋರ ಕೇಳಸ್ತಿತ್ತೇನ?"