ಯಾರ್ಕ್‌ನಲ್ಲಿ ಒಂದು ಮಧ್ಯಾಹ್ನ, ಒಂದು ಪೆಪ್ಪರ್‌ಮಿಂಟ್ ಚಾಕೊಲೇಟ್

ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳೊಂದಿಗೆ ರೈಲಿನಲ್ಲಿ ಯಾರ್ಕ್ ನಗರಕ್ಕೆ ಹೋಗಿ ಬಂದೆ. ಅಲ್ಲಿಗೆ ಬರುವವರು ಮಿನ್‌ಸ್ಟರ್ ಚರ್ಚನ್ನೂ ಹಳೆಯ ಕೋಟೆಗೋಡೆಯನ್ನೂ ನೋಡುತ್ತಾರೆ. ವರ್ಷಗಳ ಕಾಲ ಪಿಯು ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸಿದ ನನಗೆ ಮಾತ್ರ ಹ್ಯಾಕ್ಸ್‌ಬಿ ರಸ್ತೆಯ ರೌನ್‌ಟ್ರೀ ಕಾರ್ಖಾನೆಯನ್ನು ನೋಡುವ ಹಂಬಲವಿತ್ತು. ಏಕೆಂದರೆ ನನಗೆ ಬಹಳ ಪ್ರಿಯವಾದ ‘ಆಫ್ಟರ್ ಏಟ್’ ಚಾಕೊಲೇಟನ್ನು 1962ರಲ್ಲಿ ಮಾರುಕಟ್ಟೆಗೆ ತಂದದ್ದು ಆ ಕಂಪನಿ.

ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆನ್ರಿ ಐಸಾಕ್ ರೌನ್‌ಟ್ರೀ 1862ರಲ್ಲಿ ಯಾರ್ಕ್‌ನ ಕೋಕೋ ವ್ಯಾಪಾರವೊಂದನ್ನು ಕೊಂಡರು. ಅಣ್ಣ ಜೋಸೆಫ್ 1869ರಲ್ಲಿ ಕೈಜೋಡಿಸಿದ ಮೇಲೆ ಅದು ಬೆಳೆಯುತ್ತ ಹೋಗಿ, ಊರಿನ ಸಾವಿರಾರು ಮನೆಗಳಿಗೆ ಅನ್ನ ಕೊಡುವ ಕಾರ್ಖಾನೆಯಾಯಿತು. 1988ರಲ್ಲಿ ಅದು ನೆಸ್ಲೆ ಕಂಪನಿಯ ಪಾಲಾಯಿತು. ಹಳೆಯ ಕಟ್ಟಡದಲ್ಲಿ ಈಗ ಜನರು ವಾಸಿಸುವ ಮನೆಗಳಿವೆ.

ಕಾರ್ಖಾನೆಯನ್ನು ಹೊರಗಿನಿಂದ ನೋಡಿಕೊಂಡು ಬಂದು, ರಸ್ತೆ ಬದಿಯ ಬೆಂಚಿನ ಮೇಲೆ ಕುಳಿತು ಕಡು ಹಸಿರು ಪೆಟ್ಟಿಗೆಯನ್ನು ತೆರೆದೆವು. ಒಂದೊಂದು ಚೌಕಕ್ಕೂ ಒಂದೊಂದು ಕಪ್ಪು ಕಾಗದದ ಲಕೋಟೆ. ಅಂಚನ್ನು ಮೆಲ್ಲಗೆ ಮುರಿದಾಗ, ತೆಳ್ಳನೆಯ ಎರಡು ಚಾಕೊಲೇಟ್ ಪದರಗಳ ನಡುವಿನಿಂದ ಬಿಳಿಯ ಹೂರಣ ನಿಧಾನವಾಗಿ ಎಳೆಯಾಗಿ ಇಳಿಯಿತು.

“ಅಪ್ಪ, ಇಷ್ಟು ತೆಳುವಾದುದರ ಒಳಗೆ ಈ ಪಾಕವನ್ನು ಹೇಗೆ ತುಂಬುತ್ತಾರೆ?” ಎಂದು ಮಗಳು ಕೇಳಿದಳು.

ತುಂಬುವುದೇ ಇಲ್ಲ. ಸಕ್ಕರೆ ಪಾಕವನ್ನು ಕಾಯಿಸಿ, ನಾದಿ, ಪೆಪ್ಪರ್‌ಮಿಂಟ್ ಎಣ್ಣೆ ಬೆರೆಸಿದ ಗಟ್ಟಿಯಾದ ಫಾಂಡಂಟ್‌ಗೆ ಇನ್ವರ್ಟೇಸ್ ಎಂಬ ಕಿಣ್ವವನ್ನು ಸೇರಿಸಿ, ಅದು ಗಟ್ಟಿಯಾಗಿರುವಾಗಲೇ ಮೇಲೆ ಚಾಕೊಲೇಟಿನ ಹೊದಿಕೆ ಕೊಡುತ್ತಾರೆ. ಆಮೇಲಿನ ದಿನಗಳಲ್ಲಿ ಆ ಕಿಣ್ವ ಒಳಗೊಳಗೇ ಸುಕ್ರೋಸನ್ನು, ಅಂದರೆ ನಾವು ದಿನವೂ ಬಳಸುವ ಸಕ್ಕರೆಯನ್ನು, ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು, ಅದರಲ್ಲೂ ಫ್ರಕ್ಟೋಸ್, ಅಲ್ಲಿರುವ ಅಲ್ಪ ನೀರಿನಲ್ಲಿಯೂ ಸುಲಭವಾಗಿ ಕರಗುವುದರಿಂದ ಗಟ್ಟಿ ಹೂರಣ ಮೆತ್ತಗಾಗಿ ಹರಿಯತೊಡಗುತ್ತದೆ. ಅಂದರೆ, ಕೊನೆಯ ಹದ ಬರುವುದು ಹೊದಿಕೆಯೊಳಗೇ, ಮುಚ್ಚಿದ ಮೇಲೆ. ಸುಕ್ರೋಸ್ ಒಡೆದಾಗ ದ್ರಾವಣವು ಧ್ರುವೀಕೃತ ಬೆಳಕಿನ (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕಿನ) ಕಂಪನದ ಸಮತಲವನ್ನು ಬಲಕ್ಕೆ ಬದಲಾಗಿ ಎಡಕ್ಕೆ ತಿರುಗಿಸುತ್ತದೆ ಎಂದು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಅದೇ ಕ್ರಿಯೆ ಅಂದು ನನ್ನ ಬೆರಳಿಗೆ ಅಂಟಿಕೊಂಡಿತ್ತು. ನನಗಾದ ಸಂತೋಷವನ್ನು ಮಗಳಿಂದ ಮುಚ್ಚಿಡಲಾಗಲಿಲ್ಲ.

ರಾತ್ರಿ ಊಟವಾದ ಮೇಲೆ ಅತಿಥಿಗಳ ಮುಂದೆ ಇಡುವ ತಿನಿಸೆಂದೇ ಇದನ್ನು ರೂಪಿಸಿದ್ದರು. ನಮ್ಮಲ್ಲಿ ಎಲೆಯಡಿಕೆ ತಟ್ಟೆಗಿರುವ ಸ್ಥಾನವನ್ನು ಅಲ್ಲಿನ ಎಷ್ಟೋ ಮನೆಗಳಲ್ಲಿ ಇದು ಪಡೆಯಿತು. ಇದನ್ನು ರೂಪಿಸಿದವರಲ್ಲಿ ಬ್ರಯಾನ್ ಸಾಲಿಟ್ ಅವರ ಹೆಸರನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಹದಿಹರೆಯದಲ್ಲಿಯೇ ರೌನ್‌ಟ್ರೀ ಸೇರಿ, ಸುಮಾರು ಐದು ದಶಕ ಮಿಠಾಯಿ ತಯಾರಿಕೆಯಲ್ಲೇ ಕಳೆದ ಅವರು 2013ರಲ್ಲಿ ತೀರಿಕೊಂಡರು. ಮಗಳು ಅವರ ಬಗ್ಗೆ ಕೇಳಿಯೇ ಇರಲಿಲ್ಲ. ರೈಲಿನಲ್ಲಿ ಲೀಡ್ಸ್‌ಗೆ ಮರಳುವವರೆಗೂ ಅವರ ಕೆಲಸದ ಕುರಿತೇ ಮಾತನಾಡಿದೆವು.